ಕರೆಗಂಟೆ ಒತ್ತಿ ಓಡುತ್ತಿದ್ದ ಗಿಟ್ಟಲ್

ಗಿಟ್ಟಲ್ ಬ್ರಾಡ್‌ಮನ್ ಅವರು ಓಡುವುದನ್ನು ಒಮ್ಮೆ ಕಂಡವರು ಮರೆಯುವುದು ಕಷ್ಟ. ದಪ್ಪ ಮೈಯ ಹೆಂಗಸು, ಊದಿದ ಮಂಡಿ, ತಲೆಗೆ ಬಿಗಿದು ಕಟ್ಟಿದ ನೀಲಿ ವಸ್ತ್ರ. ಗುರುವಾರ ಸಂಜೆ ಯಾರದೋ ಮನೆಯ ಜಗಲಿಯ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟು, ಕರೆಗಂಟೆ ಒತ್ತಿ, ಹಿಮದಲ್ಲಿ ಜಾರುತ್ತ, ಬೇಲಿ ಹಿಡಿದುಕೊಳ್ಳುತ್ತ, ಬೀದಿಯ ತಿರುವಿನಲ್ಲಿ ಮರೆಯಾಗಿ ನಿಲ್ಲಿಸಿದ ಶಾಲೆಯ ಬಸ್ಸಿನ ಕಡೆಗೆ ಅವರು ಧಾವಿಸುವರು. ಬಸ್ಸಿನಲ್ಲಿ ಡ್ರೈವರ್ ಫೈವೆಲ್ ಬಾಗಿಲು ತೆರೆದುಕೊಂಡು ಕಾದಿರುವರು. ಗಿಟ್ಟಲ್ ಮೆಟ್ಟಿಲು ಹತ್ತಿ ಕುಸಿದು ಕೂತು, ಉಸಿರು ತಿರುಗಿದ ಮೇಲೆ ಹೇಳುವರು: "ಮುಂದಿನ ಮನೆ."

ಕ್ಲೀವ್‌ಲ್ಯಾಂಡಿನ ಪೂರ್ವ ಭಾಗದ ನಮ್ಮ ಯೆಹೂದಿ ಶಾಲೆಯಲ್ಲಿ ನಾನು ಹೀಬ್ರೂ ವ್ಯಾಕರಣ ಕಲಿಸುತ್ತಿದ್ದೆ. ಗಿಟ್ಟಲ್ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಮಕ್ಕಳ ಊಟ ಮುಗಿದ ಮೇಲೆ ಆ ಅಡುಗೆಮನೆಯಲ್ಲೇ ಶಬ್ಬತ್ ಎಂಬ ಶನಿವಾರದ ವಿಶ್ರಾಂತಿ ದಿನದ ಪೆಟ್ಟಿಗೆಗಳು ತುಂಬುತ್ತಿದ್ದವು: ಒಂದು ಕೋಳಿ, ಎರಡು ಹೆಣೆದ ರೊಟ್ಟಿ, ಗಜ್ಜರಿ, ದ್ರಾಕ್ಷಾರಸದ ಶೀಶೆ. ಕೆಲಸ ಕಳೆದುಕೊಂಡವರು, ಗಂಡ ಸತ್ತವರು, ಕಾಯಿಲೆ ಬಿದ್ದವರು ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲಿ ಯಾವಾಗಲೂ ಇರುತ್ತಿದ್ದರು. ಯಾರಿಗೆ ಪೆಟ್ಟಿಗೆ ಹೋಗುತ್ತದೆಂಬುದು ಗಿಟ್ಟಲ್ ಮತ್ತು ಫೈವೆಲ್ ಇಬ್ಬರಿಗೆ ಮಾತ್ರ ಗೊತ್ತು. ಫೈವೆಲ್‌ಗೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಧ್ವನಿ ಪಿಸುಮಾತಿಗಿಂತ ಮೇಲೆ ಏಳುತ್ತಿರಲಿಲ್ಲ. ಗದರಿಸಲಾರದ ಡ್ರೈವರ್ ಎಂದು ಮಕ್ಕಳಿಗೆ ಅವರೆಂದರೆ ಪ್ರಾಣ.

ಕೊಡುವವರು ಮುಖ ತೋರಿಸದೆ ಓಡಬೇಕೆಂಬ ಪಾಠವಿದ್ದಂತೆ ತೆಗೆದುಕೊಳ್ಳುವವರಿಗೂ ಗಿಟ್ಟಲ್ ಒಂದು ಪಾಠ ಕಲಿಸಿದ್ದರು. ಪ್ರತಿ ವರ್ಷ ತರಗತಿ ತರಗತಿಗೂ ಬಂದು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅವರು ಹೇಳುತ್ತಿದ್ದರು:

"ಮನೇಲಿ ಗಂಟೆ ಬಾರಿಸಿತು ಅನ್ಕೊಳ್ಳಿ. ಹೊರಗಡೆ ಮಾತು ಕೇಳಿಸ್ಲಿಲ್ಲ. ಆಗ ಏನ್ಮಾಡ್ಬೇಕು?"

"ಬಾಗಿಲು ತೆಗೀಬಾರ್ದು!" ಎಂದು ಮಕ್ಕಳು ಕೂಗುವರು.

"ಕಿಟಕೀಲಿ ಇಣುಕ್ಬಹುದಾ?"

"ಇಣುಕ್ಬಾರ್ದು!"

"ಹೆಜ್ಜೆ ಸದ್ದು ಪೂರಾ ಹೋಗೋವರೆಗೆ ನಿಂತಿರ್ಬೇಕು. ಕೊಟ್ಟೋರ ಮುಖ ನೋಡ್ಬಿಟ್ರೆ ಆ ಕೋಳಿ ಗಂಟಲಲ್ಲಿ ಇಳಿಯಲ್ಲ, ಕಣ್ರೋ."

ಹೀಗೆ ಒಂದು ತಲೆಮಾರಿನ ಮಕ್ಕಳು ಬೆಳೆದು ತಾವೇ ಮನೆ ಮಾಡಿಕೊಂಡರು. ನಮ್ಮ ಬೀದಿಗಳಲ್ಲಿ ಕರೆಗಂಟೆ ಕೇಳಿದೊಡನೆ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುವುದು ಮರ್ಯಾದೆಯೆನಿಸಿತು. ಹೊಸದಾಗಿ ಬಂದವರು ನಮ್ಮನ್ನು ಕಿವುಡರೆಂದುಕೊಳ್ಳುತ್ತಿದ್ದರು.

ಗಿಟ್ಟಲ್ ಅವರ ಗಂಡ ಬೇಗನೆ ತೀರಿಕೊಂಡಿದ್ದರು. ಮಗಳು ಶಿಫ್ರಾ ಒಬ್ಬಳೇ. ನನ್ನ ಶಿಷ್ಯೆಯಾಗಿದ್ದವಳು ನಮ್ಮಲ್ಲೇ ಎರಡನೆಯ ತರಗತಿಗೆ ಟೀಚರಾದಳು. ಮೆಲುದನಿಯ, ನಗುಮುಖದ ಹುಡುಗಿ. ಮದುವೆಯ ಮಾತುಕತೆ ನಡೆಯುತ್ತಿದ್ದಾಗಲೇ ಅವಳ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಉಳಿದ ದಿನಗಳಲ್ಲಿ ಪಾಠ ಮಾಡುತ್ತಿದ್ದಳು. ವರ್ಷಗಳು ಹೋದಂತೆ ಸೂಜಿ ಚುಚ್ಚುವ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಂಡವು. ಎಡಗೈ ಮುಗಿಯಿತು, ಬಲಗೈ ಮುಗಿಯಿತು. ಕೊನೆಗೆ ತೊಡೆಯಲ್ಲಿ ಒಂದು ಉಳಿಯಿತು. ಅದೂ ಮುಚ್ಚಿದರೆ ಮುಂದೆ ದಾರಿಯಿಲ್ಲವೆಂದು ವೈದ್ಯರು ಮರೆಮಾಚದೆ ಹೇಳಿದರು. ಗಿಟ್ಟಲ್ ಅವರಿಗೆ ಸಕ್ಕರೆ ಕಾಯಿಲೆ. ಅವರ ಕಿಡ್ನಿಯನ್ನು ಆಸ್ಪತ್ರೆಯವರು ಒಪ್ಪಲಿಲ್ಲ.

"ಬೇಡವಂತೆ ಮೇಷ್ಟ್ರೆ," ಎಂದರು ಅಂದು ನನ್ನೊಡನೆ. "ಊರಿಗೆಲ್ಲ ಕೊಟ್ಟೆ. ಹೆತ್ತ ಮಗಳಿಗೆ ಕೊಡೋಕೆ ಹೋದ್ರೆ ನನ್ನ ಸಾಮಾನು ಸರಿಯಿಲ್ಲವಂತೆ."

ಉಳಿದದ್ದು ಸತ್ತವರ ಕಿಡ್ನಿಗಾಗಿ ಕಾಯುವ ಸರದಿ. ಸರದಿ ಬಂದಾಗ ಆಸ್ಪತ್ರೆಯಿಂದ ಫೋನ್ ಬರುತ್ತದೆ. ಒಂದು ತಾಸಿನೊಳಗೆ ಉತ್ತರ ಸಿಗದಿದ್ದರೆ ಅದು ಮುಂದಿನವರ ಪಾಲು. ಮೊಬೈಲ್ ಫೋನು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ ಅದು. ತಾಯಿ ಮಗಳು ಆಸ್ಪತ್ರೆಗೆ ಎರಡು ಸಂಖ್ಯೆಗಳನ್ನು ಕೊಟ್ಟಿದ್ದರು: ಒಂದು ಮನೆಯದು, ಇನ್ನೊಂದು ಶಾಲೆಯದು.

ಆ ಫೋನು ಬಂದದ್ದು ಪೆಸಖ್ ಹಬ್ಬಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ.

ಹಬ್ಬಕ್ಕೆ ಮುನ್ನ ಮನೆಯಲ್ಲಿ ಹುಳಿ ಬರಿಸಿದ ರೊಟ್ಟಿಯ ಒಂದು ಚೂರೂ ಉಳಿಯಕೂಡದು. ಬೀರು, ಮಂಚ, ಒಲೆ ಎಲ್ಲವನ್ನೂ ಗೋಡೆಯಿಂದ ಎಳೆದು ಹಿಂದುಮುಂದು ಒರೆಸುವುದು ನಮ್ಮ ಪದ್ಧತಿ. ಗಿಟ್ಟಲ್ ಅಂದು ಫ್ರಿಜ್ಜು ಎಳೆದರು. ಫೋನಿನ ತಂತಿ ಅದರ ಹಿಂದೆಯೇ ಹಾದುಹೋಗಿತ್ತು. ಕೆಳಗೆ ಸಿಕ್ಕಿ ಹರಿದೀತೆಂದು ಅದನ್ನು ಗೋಡೆಯಿಂದ ಬಿಡಿಸಿಟ್ಟರು, ಒರೆಸಿದೊಡನೆ ಮತ್ತೆ ಸಿಕ್ಕಿಸುವ ಎಣಿಕೆಯಿಂದ.

ಆಸ್ಪತ್ರೆಯವರು ಮನೆಗೆ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಶಾಲೆಗೆ ಮಾಡಿದರು. ನಾವೆಲ್ಲ ಅಲ್ಲಿ ಹಬ್ಬದ ಪೆಟ್ಟಿಗೆಗಳಿಗೆ ಹುಳಿ ಬರಿಸದ ಮಾತ್ಸಾ ರೊಟ್ಟಿ ತುಂಬುತ್ತಿದ್ದೆವು. ಕಚೇರಿಯ ಹೆಂಗಸು ಫೋನೆತ್ತಿ, ಕೇಳಿ, ಅಳುತ್ತ ನಗುತ್ತ ಹೊರಗೆ ಓಡಿಬಂದಳು. ಅವಳೂ ಮನೆಗೆ ಫೋನ್ ಮಾಡಿ ನೋಡಿದಳು. ಅವಳ ಕಿವಿಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

"ಫೈವೆಲ್ ಅವರೇ, ಬಸ್ಸು ತೊಗೊಂಡು ಹೋಗಿ. ಬೇಗ."

ಫೈವೆಲ್ ಹೋದರು. ಇಷ್ಟು ವರ್ಷದ ಅಭ್ಯಾಸ. ಬಸ್ಸನ್ನು ತಿರುವಿನಲ್ಲೇ ನಿಲ್ಲಿಸಿದರು. ಜಗಲಿ ಹತ್ತಿ ಕರೆಗಂಟೆ ಒತ್ತಿದರು. ಆ ಕೂಗಲಾರದ ಗಂಟಲಿನಿಂದ ಹೆಸರು ಹಿಡಿದು ಕರೆದರು. ಬಾಗಿಲು ತೆರೆಯಲಿಲ್ಲ.

ಒಳಗೆ ನಡೆದದ್ದನ್ನು ಶಿಫ್ರಾ ಆಮೇಲೆ ನನಗೆ ಹೇಳಿದಳು.

"ಅಮ್ಮ, ಯಾರೋ ಬಂದಿದಾರೆ."

"ಶ್... ಇರು. ಹಬ್ಬದ ಡಬ್ಬಿ ಇರ್ಬೇಕು. ನಿನಗೆ ಹುಷಾರಿಲ್ಲ ಅಂತ ಯಾರೋ ತಂದಿದಾರೆ. ನಮಗ್ಯಾಕೆ ಇವೆಲ್ಲ."

ಮತ್ತೊಮ್ಮೆ ಗಂಟೆ ಬಾರಿಸಿತು.

"ಎರಡೆರಡು ಸಲ ಒತ್ತಿದ್ರಲ್ಲಮ್ಮ."

"ಹೊಸಬರು ಇರ್ಬೇಕು, ರೂಢಿಯಿಲ್ಲ. ಹೋಗ್ಲಿ ಬಿಡು, ಪಾಪ. ನಾಚ್ಕೊಂಡಾರು."

ತಾಯಿ ಮಗಳು ಒದ್ದೆ ಬಟ್ಟೆ ಹಿಡಿದುಕೊಂಡು ಫ್ರಿಜ್ಜಿನ ಹಿಂದೆ ಅಲುಗಾಡದೆ ನಿಂತರು. ಹೆಜ್ಜೆ ಸದ್ದು ಪೂರಾ ಹೋಗುವವರೆಗೂ ನಿಂತರು.

ಫೈವೆಲ್ ಶಾಲೆಗೆ ಮರಳಿ, "ಮನೇಲಿ ಯಾರೂ ಇಲ್ಲ. ಆಗ್ಲೇ ಹೊರಟುಬಿಟ್ಟಿದಾರೆ," ಎಂದು ಪಿಸುಗುಟ್ಟಿದರು. ಆಸ್ಪತ್ರೆಯವರು ಮತ್ತೆ ಮನೆಗೆ ಫೋನ್ ಮಾಡಿ ತಿಳಿಸಿರಬೇಕು, ಹೊರಡುವ ಆತುರದಲ್ಲಿದ್ದವರು ಕಚೇರಿಯಿಂದ ಹೋದ ಫೋನು ಎತ್ತಿರಲಾರರು ಎಂದು ನಾವೆಲ್ಲ ನಂಬಿದೆವು. ಕಚೇರಿಯ ಹೆಂಗಸು ಆಸ್ಪತ್ರೆಗೂ ಹಾಗೆಯೇ ತಿಳಿಸಿದಳು: ದಾರಿಯಲ್ಲಿದ್ದಾರೆ. ನಮ್ಮ ಧರ್ಮಗುರು ರಬ್ಬಿಗಳು ಎಲ್ಲರನ್ನೂ ಸೇರಿಸಿ ಕೀರ್ತನೆಗಳನ್ನು ಓದಿಸಿದರು. ಮಾತ್ಸಾದ ಪುಡಿ ಹತ್ತಿದ ಕೈಗಳಲ್ಲಿ ಪುಸ್ತಕ ಹಿಡಿದು ಓದಿದೆವು. ಅಷ್ಟು ಸಂತೋಷದಿಂದ ನಾವು ಎಂದೂ ಪ್ರಾರ್ಥಿಸಿರಲಿಲ್ಲ.

ಮಧ್ಯಾಹ್ನ ನಾನು ಹಬ್ಬದ ಅಡುಗೆಯ ಒಂದು ಪೆಟ್ಟಿಗೆ ಹಿಡಿದು ಅವರ ಮನೆಗೆ ಹೋದೆ, ಅವರು ಮರಳಿದಾಗ ಜಗಲಿಯ ಮೇಲೆ ಇರಲಿ ಎಂದು. ಹಿತ್ತಲಲ್ಲಿ ಯಾರೋ ಬಟ್ಟೆ ಕೊಡವುವ ಸದ್ದಾಯಿತು. ಇಣುಕಿ ನೋಡಿದೆ. ಗಿಟ್ಟಲ್ ಹಗ್ಗದ ಮೇಲಿನ ಕೋಟಿನ ಜೇಬುಗಳನ್ನು ಒಳಹೊರಗು ಮಾಡಿ ರೊಟ್ಟಿ ಚೂರು ಉದುರಿಸುತ್ತಿದ್ದರು.

"ಸಿಕ್ಕಿಬಿದ್ರಿ, ಮೇಷ್ಟ್ರೆ," ಎಂದು ನಕ್ಕರು. "ಓಡೋಕೂ ಬರಲ್ವಾ ನಿಮಗೆ? ಬೆಳಿಗ್ಗೆ ಯಾರೋ ಗಂಟೆ ಬಾರ್ಸಿ ಡಬ್ಬಿ ಇಡೋದೇ ಮರೆತು ಓಡಿದ್ರು. ನೀವು ಡಬ್ಬಿ ತಂದು ಗಂಟೆ ಮರೆತ್ರಿ."

ಆಸ್ಪತ್ರೆಯ ಫೋನಿನ ಸುದ್ದಿಯನ್ನು ನಾನು ಹೇಗೆ ಹೇಳಿದೆನೋ ಈಗ ನೆನಪಿಲ್ಲ. ಅವರ ನಗು ನಿಂತದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಒಳಗೆ ಹೋಗಿ, ಬೆಳಿಗ್ಗೆಯಿಂದ ಮರೆತೇಹೋಗಿದ್ದ ತಂತಿಯನ್ನು ಗೋಡೆಗೆ ಸಿಕ್ಕಿಸಿದರು. ಆಸ್ಪತ್ರೆಗೆ ಫೋನ್ ಮಾಡಿದರು. ಆಸ್ಪತ್ರೆಯ ಹೆಂಗಸು ಮೃದುವಾಗಿಯೇ ಮಾತಾಡಿದಳು. ಕಾದರಂತೆ. ನಿಯಮಕ್ಕಿಂತ ಹೆಚ್ಚಾಗಿಯೇ ಕಾದರಂತೆ. ಕಿಡ್ನಿ ಆಗಲೇ ಇನ್ನೊಬ್ಬರ ದೇಹ ಸೇರಿತ್ತು.

ಶಿಫ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಯಾರಿಗಾದ್ರೂ ಆಯ್ತಲ್ಲಮ್ಮ," ಎಂದಳು.

"ಸುಮ್ನಿರೇ," ಎಂದರು ತಾಯಿ. ಮಗಳ ಮೇಲೆ ಅವರು ದನಿಯೆತ್ತಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಅಂದು ಸಂಜೆ ಫೈವೆಲ್ ಬಂದು ಜಗಲಿಯ ಮೆಟ್ಟಿಲ ಮೇಲೆ ಕೂತು ಹಣೆ ಚಚ್ಚಿಕೊಂಡರು. ಗಿಟ್ಟಲ್ ಹೊರಬಂದು ಪಕ್ಕದಲ್ಲಿ ಕೂತರು.

"ನಿಮ್ಮ ತಪ್ಪಲ್ಲ, ಫೈವೆಲ್. ನೀವು ಬಾರ್ಸಿದ್ರಿ. ನಾನು ನಿಂತಿದ್ದೆ. ನನಗೆ ಕೇಳಿಸ್ತು."

ಹಬ್ಬದ ನಡುವೆಯೇ ಶಿಫ್ರಾಳ ತೊಡೆಯ ನಾಳದಲ್ಲಿ ರಕ್ತದ ಓಟ ಕುಗ್ಗತೊಡಗಿತು. ಇನ್ನೊಂದು ಸರದಿಗೆ ಕಾಯುವಷ್ಟು ಕಾಲವಿರಲಿಲ್ಲ. ಬದುಕಿರುವವರು ಯಾರಾದರೂ ಕೊಡಬೇಕಾಗಿತ್ತು. ರಬ್ಬಿಗಳು ಮಂದಿರದಲ್ಲಿ ಎಲ್ಲರಿಗೂ ತಿಳಿಸಿದರು. ಎಲ್ಲರೂ ಕಣ್ಣೊರೆಸಿಕೊಂಡರು. ಮನೆಮನೆಯಲ್ಲಿ ಅವಳ ಹೆಸರಿನಲ್ಲಿ ಪ್ರಾರ್ಥನೆ ನಡೆಯಿತು. ಗಿಟ್ಟಲ್ ಅವರ ಜಗಲಿಯ ಮೇಲೆ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಬಂದು ಕೂತವು. ಪರೀಕ್ಷೆ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋದವರು, ನಮಗೆ ಗೊತ್ತಿದ್ದಂತೆ, ಫೈವೆಲ್ ಮತ್ತು ನಾನು ಇಬ್ಬರೇ. ಅವರ ರಕ್ತ ಹೊಂದಲಿಲ್ಲ. ನನ್ನದನ್ನು ವಯಸ್ಸಿನ ಕಾರಣಕ್ಕೆ ನೋಡಲೂ ಇಲ್ಲ.

"ಕೋಳಿ ಇಡೋಕೆ ಫ್ರಿಜ್ಜಲ್ಲಿ ಜಾಗ ಇಲ್ಲ, ಮೇಷ್ಟ್ರೆ," ಎಂದರು ಗಿಟ್ಟಲ್. "ಕೋಟು ಹಾಕ್ಕೊಳ್ಳಿ. ನನ್ನ ಜೊತೆ ಬನ್ನಿ."

"ಎಲ್ಲಿಗೆ?"

"ಕೇಳೋಕೆ."

ಏಪ್ರಿಲ್ ತಿಂಗಳಾದರೂ ಊರಂಚಿನ ದೊಡ್ಡ ಸರೋವರದ ಕಡೆಯಿಂದ ಬಂದ ಗಾಳಿ ಹಿಮ ತಂದಿತ್ತು. ಮೊದಲ ಮನೆಯ ಜಗಲಿ ಹತ್ತಿ ಗಿಟ್ಟಲ್ ಕರೆಗಂಟೆ ಒತ್ತಿದರು. ಓಡಲು ತಿರುಗಿದ ಕಾಲನ್ನು ತಡೆದು ನಿಲ್ಲಿಸಿಕೊಂಡರು. ನಾವು ಕಾದೆವು. ಒಳಗೆ ರೇಡಿಯೋ ಆರಿತು. ಮಗುವೊಂದು ಏನೋ ಕೇಳಿತು, ದೊಡ್ಡವರು ಯಾರೋ "ಶ್" ಎಂದರು. ಆಮೇಲೆ ಸದ್ದಿಲ್ಲ.

ಬಾಗಿಲ ಆಚೆ ಅವರು ನಿಂತಿದ್ದರು. ಈಚೆ ನಾವು ನಿಂತಿದ್ದೆವು.

ಎರಡನೆಯ ಮನೆಯಲ್ಲೂ ಹೀಗೆಯೇ ಆಯಿತು. ಮೂರನೆಯದರಲ್ಲಿ ಬಾಗಿಲ ಕೆಳಗಿನ ಸಂದಿನಲ್ಲಿ ಚಪ್ಪಲಿಯ ನೆರಳು ಕಾಣುತ್ತಿತ್ತು. ಗಿಟ್ಟಲ್ ಅದನ್ನೇ ನೋಡುತ್ತ ನಿಂತರು. "ಎಷ್ಟು ಚೆನ್ನಾಗಿ ಕಲಿಸಿಬಿಟ್ಟೆ, ಮೇಷ್ಟ್ರೆ," ಎಂದರು. ಆಮೇಲೆ ಬಾಗಿಲಿಗೆ ಅಂಗೈ ಹಚ್ಚಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ನಾನು ಗಿಟ್ಟಲ್. ಕೊಡೋಕೆ ಬಂದಿಲ್ಲ. ಕೇಳೋಕೆ ಬಂದಿದೀನಿ. ನನ್ನ ಮಗಳು ಸಾಯ್ತಿದಾಳೆ. ಬಾಗಿಲು ತೆಗೀರಿ."

ತೆರೆದರು. ಪಾಪ, ನಾಚಿಕೆಯಿಂದ ಕೆಂಪಾಗಿ ತೆರೆದರು. ಒಳಗೆ ಕರೆದು ಚಹಾ ಕೊಟ್ಟರು. ಒಬ್ಬರಿಗೆ ರಕ್ತದೊತ್ತಡ, ಒಬ್ಬಳು ಬಸುರಿ, ಒಬ್ಬರ ಹೆಂಡತಿ ಒಪ್ಪಲಿಲ್ಲ. ಯಾರೂ ಕೆಟ್ಟವರಲ್ಲ. ಆ ಬೀದಿ ಮುಗಿಯಿತು. ಮರುದಿನ ಇನ್ನೊಂದು ಬೀದಿ ಮುಗಿಯಿತು. ಪ್ರತಿ ಜಗಲಿಯ ಮೇಲೂ ಅದೇ ಕೂಗು. ಕೊನೆಕೊನೆಗೆ ಗಿಟ್ಟಲ್ ಅವರ ಧ್ವನಿಯೂ ಫೈವೆಲ್ ಅವರ ಧ್ವನಿಯಂತೆ ಆಯಿತು. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿಯತೊಡಗಿದರು.

"ಸಾಕು, ಮನೆಗೆ ಹೋಗೋಣ," ಎಂದೆ ನಾನು.

"ಮನೇಲಿ ಅವಳ ಮುಖ ನೋಡ್ಬೇಕಲ್ಲ," ಎಂದರು.

ಇಳಿಜಾರಿನ ಕೊನೆಯಲ್ಲಿ ತ್ಸಿವ್ಯಾ ಆಡ್ಲರ್ ಎಂಬ ವಿಧವೆಯ ಮನೆ. ಮೂವರು ಮಕ್ಕಳು ನಮ್ಮ ಶಾಲೆಯಲ್ಲಿದ್ದರು. ಗಿಟ್ಟಲ್ ಆ ಮನೆಯನ್ನು ದಾಟಿ ಹೋಗಲು ನೋಡಿದರು. ಏಕೆಂದು ನಾನು ಕೇಳಲಿಲ್ಲ, ನನಗೂ ಅರ್ಥವಾಯಿತು. ಪೆಟ್ಟಿಗೆ ತೆಗೆದುಕೊಳ್ಳುವ ಮನೆಯಲ್ಲಿ ಕೇಳುವುದೆಂದರೆ ಇಷ್ಟು ವರ್ಷ ಇಟ್ಟ ಕೋಳಿಯನ್ನೆಲ್ಲ ಮರಳಿ ಕೇಳಿದಂತೆ. ಆದರೆ ನಾವು ಬೇಲಿಯ ಬಳಿ ಇರುವಾಗಲೇ ಆ ಬಾಗಿಲು ತೆರೆಯಿತು. ತ್ಸಿವ್ಯಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಎಲ್ಲರ ಮನೇಗೂ ಹೋದ್ರಿ. ನಮ್ಮನೆ ಕಣ್ಣಿಗೆ ಬೀಳ್ಲಿಲ್ವಾ?"

"ನೀನು ಮೂರು ಮಕ್ಕಳ ತಾಯಿ, ತ್ಸಿವ್ಯಾ."

"ಅದು ನನಗೂ ಗೊತ್ತು, ಹೆತ್ತಿದ್ದು ನಾನೇ. ಮೊನ್ನೆನೇ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದೆ. ಈಗ ತಾನೆ ಫೋನ್ ಮಾಡಿದ್ರು. ಹೊಂದುತ್ತಂತೆ."

ಗಿಟ್ಟಲ್ ಬೇಲಿ ಹಿಡಿದುಕೊಂಡರು. "ನಿನ್ನಿಂದ ನಾನು ಹೇಗೆ ತೊಗೊಳ್ಲಿ?"

"ಓಹೋ. ಕೊಡೋದನ್ನ ನಿಮ್ಮ ಮನೆಗೇ ಬರ್ಕೊಟ್ಟಿದಾರಾ? ಐದು ವರ್ಷ ನಾನು ತೊಗೊಂಡಿಲ್ವಾ?"

"ನಾನು ಏನನ್ನೂ..."

"ಅಯ್ಯೋ, ಸಾಕು ಬಿಡಿ. ಇಣುಕ್ಬಾರ್ದು ಅಂತ ಹೇಳಿದ್ರಿ. ನಾನು ಇಣುಕಿದೀನಿ. ಪ್ರತಿ ಗುರುವಾರ. ನೀವು ಓಡೋದು ನೋಡಿ ಮಕ್ಕಳು ನಾನು ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ಯಜಮಾನ್ರು ತೀರ್ಕೊಂಡ ವರ್ಷ ನಮ್ಮನೇಲಿ ನಗು ಅಂತ ಇದ್ದಿದ್ದು ಅದೊಂದೇ. ಕೋಳಿ ಗಂಟಲಲ್ಲಿ ಚೆನ್ನಾಗೇ ಇಳೀತು. ಈಗ ಒಳಗೆ ಬನ್ನಿ, ಚಳಿ."

ಗಿಟ್ಟಲ್ ಅಲ್ಲೇ, ಹಿಮದ ಮೇಲೆ, ಕೂತುಬಿಟ್ಟರು. ನಾವಿಬ್ಬರೂ ಸೇರಿ ಅವರನ್ನು ಎಬ್ಬಿಸಬೇಕಾಯಿತು.

ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅಷ್ಟರಲ್ಲಿ ತೊಡೆಯ ನಾಳ ಬಹುತೇಕ ಮುಚ್ಚಿಹೋಗಿ ಶಿಫ್ರಾ ಬಹಳ ಬಳಲಿದ್ದಳು. ಮೊದಲ ವಾರ ಅವಳು ಉಳಿಯುವಳೆಂದು ಯಾರೂ ಧೈರ್ಯದಿಂದ ಹೇಳಲಿಲ್ಲ. ಉಳಿದಳು. ಒಂದು ಕಾಲು ಸ್ವಲ್ಪ ಎಳೆಯಿತು, ಕೂದಲು ನೆರೆಯಿತು. ಮತ್ತೆ ಎರಡನೆಯ ತರಗತಿಗೆ ಪಾಠ ಹೇಳಿದಳು. ತ್ಸಿವ್ಯಾಳ ಮಕ್ಕಳನ್ನು ಆ ಬೇಸಿಗೆಯೆಲ್ಲ ಫೈವೆಲ್ ನೋಡಿಕೊಂಡರು.

ಗುರುವಾರದ ಪೆಟ್ಟಿಗೆಗಳು ನಿಲ್ಲಲಿಲ್ಲ. ಆದರೆ ಗಿಟ್ಟಲ್ ಮತ್ತೆ ತರಗತಿಗಳಿಗೆ ಹೋಗಿ ಆ ಪಾಠ ಹೇಳಲಿಲ್ಲ. ಓಡಲೂ ಇಲ್ಲ. ಕರೆಗಂಟೆ ಒತ್ತಿ, ಬಾಗಿಲು ತೆರೆಯುವವರೆಗೆ ನಿಂತು, ಪೆಟ್ಟಿಗೆಯನ್ನು ಕೈಗೇ ಕೊಟ್ಟು, "ಹೇಗಿದೀರಿ?" ಎಂದು ಕೇಳುತ್ತಿದ್ದರು. ಕೆಲವರಿಗೆ ಅದು ಹಿಡಿಸಲಿಲ್ಲ. ಇಬ್ಬರು ಪೆಟ್ಟಿಗೆ ಬೇಡವೆಂದರು. ಆ ಎರಡು ಮನೆಗಳನ್ನು ನೆನೆದು ಅವರು ಬಹಳ ದಿನ ನೊಂದರು. ಅವಕ್ಕೆ ಏನು ಮಾಡಬೇಕೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಈಗ ಗಿಟ್ಟಲ್ ಮನೆ ಬಿಟ್ಟು ಹೊರಡುವುದಿಲ್ಲ. ಮಂಡಿ ಪೂರ್ತಿ ಕೈಕೊಟ್ಟಿದೆ. ನಾನು ಆಗಾಗ ಹೋಗುತ್ತೇನೆ. ಅವರ ಕುರ್ಚಿ ಮುಂಬಾಗಿಲಿಗೆ ಒತ್ತಿಕೊಂಡೇ ಇದೆ. ಅಲ್ಲಿ ಗಾಳಿ ನುಗ್ಗುತ್ತದೆ, ಒಳಗೆ ಕೂರಿ ಎಂದು ಮಗಳು ಬೈಯುತ್ತಾಳೆ. ಅವರು ಕೇಳುವುದಿಲ್ಲ. ನಾನು ಕರೆಗಂಟೆ ಒತ್ತುತ್ತೇನೆ. ಬೆರಳು ಇನ್ನೂ ಗುಂಡಿಯ ಮೇಲಿರುವಾಗಲೇ ಬಾಗಿಲು ತೆರೆಯುತ್ತದೆ.