ಪೇಂಟರಣ್ಣನ ಕುಣಿಯುವ ಅಕ್ಷರ

ಮೊನ್ನೆ ನೀವು ಮೊಬೈಲಿನಲ್ಲಿ ಹುಟ್ಟುಹಬ್ಬದ ಕಾರ್ಡು ತೋರಿಸಿ, "ಅಜ್ಜಿ, ಅಕ್ಷರ ಎಷ್ಟು ತಮಾಷೆಯಾಗಿದೆ ನೋಡು, ಕುಣೀತಾ ಇದಾವೆ" ಎಂದಿರಿ. ನಾನು ಮುಖ ತಿರುಗಿಸಿ ಒಳಗೆ ಹೋದೆ. ನಿಮ್ಮ ಮೇಲಿನ ಕೋಪವಲ್ಲ ಮಕ್ಕಳೇ. ಆ ಅಕ್ಷರಗಳ ಬಣ್ಣ ಇನ್ನೂ ಆರದಿದ್ದಾಗಲೇ ನಾನು ಅವನ್ನು ನೋಡಿದ್ದೆ.

ಶ್ರೀನಿವಾಸಪುರದಲ್ಲಿ ನಮ್ಮ ಪಕ್ಕದ ಮಳಿಗೆಯಲ್ಲಿ ಒಬ್ಬನಿದ್ದ. ಊರಿಗೆಲ್ಲ ಪೇಂಟರಣ್ಣ. ಮಾವಿನ ಮಂಡಿಗಳ ಬೋರ್ಡು, ಲಾರಿಯ ಹಿಂದಿನ ಬರಹ, ಸೋಡಾ ಅಂಗಡಿಯ ಗೋಡೆ, ಎಲ್ಲ ಅವನ ಕೈಯದೇ. ಮೊದಲು ಅಕ್ಷರಗಳ ಬರೀ ಮೈ ಬರೆದು, ತಲೆಕಟ್ಟುಗಳನ್ನು ಕೊನೆಗೆ ಒಂದೇ ಓಟದಲ್ಲಿ ಎಳೆಯುತ್ತಿದ್ದ. "ಟೋಪಿ ಹಾಕ್ಕೊಂಡ್ರು ನೋಡಿ ಅಕ್ಕಾ, ಇನ್ನು ಮದುವೆಗೆ ಹೊರಡ್ತಾರೆ" ಅನ್ನುತ್ತಿದ್ದ. ಬ್ರಷ್ಷಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಸೀಳುವ ಅಭ್ಯಾಸ. ಅದರಿಂದ ಅವನ 'ಳ'ದ ಬಾಲ ಎರಡು ಗೆರೆಯಾಗಿ ಒಡೆಯುತ್ತಿತ್ತು...

ಪಟ್ಟಣದಿಂದ ಒಬ್ಬ ಬಿಳಿ ಹಾಳೆಗಳ ಕಟ್ಟು ಹಿಡಿದು ಬಂದ. "ನಿಮ್ಮ ಕಲೆ ಉಳೀಬೇಕು" ಎಂದು ಹೊಗಳಿ, 'ಅ'ದಿಂದ 'ಳ'ದವರೆಗೆ, ಕಾಗುಣಿತ, ಒತ್ತಕ್ಷರ ಸಮೇತ ನಾಲ್ಕು ದಿನ ಬರೆಸಿಕೊಂಡ. ಬೆಳಕು ಚೆನ್ನಾಗಿದೆಯೆಂದು ನಮ್ಮ ಜಗಲಿಯಲ್ಲೇ ಕೂತರು. ಕಾಫಿ ಕೊಟ್ಟವಳು ನಾನೇ. ಹಾಳೆ ಸುತ್ತಿಕೊಂಡು ಹೋದ ಆ ಕಳ್ಳ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಎರಡು ವರ್ಷದಲ್ಲಿ ಊರ ಫ್ಲೆಕ್ಸುಗಳ ತುಂಬ ಅವೇ ಅಕ್ಷರ. ಅದೇ ಒಡೆದ ಬಾಲ! ಹಾಳೆಯ ಅಕ್ಷರಗಳನ್ನು ಆ ಕಳ್ಳ ಕಂಪ್ಯೂಟರಿಗೆ ಹಾಕಿ, ಫಾಂಟು ಮಾಡಿ ಮಾರಿಕೊಂಡಿದ್ದ. ಒಂದು ಬೆಳಿಗ್ಗೆ ಪೇಂಟರಣ್ಣ ಹಾಲಿನ ಡೈರಿಯ ಗೋಡೆ ಬರೆಯುತ್ತಿದ್ದಾಗ ಡೈರಿ ಅಧ್ಯಕ್ಷರು ಬಂದು, "ಏನ್ಲಾ, ಕಂಪ್ಯೂಟರ್ ನೋಡಿ ಕಾಪಿ ಹೊಡೀತಿದ್ದೀಯ? ಹಂಗಾದ್ರೆ ಫ್ಲೆಕ್ಸೇ ಹಾಕಿಸ್ತೀವಿ, ಬಿಡು" ಎಂದರಂತೆ. ಅವನು ನಮ್ಮ ಬಾಗಿಲಿಗೆ ಓಡಿ ಬಂದ.

"ಅಕ್ಕಾ, ನೀವು ಕಣ್ಣಾರೆ ನೋಡಿದ್ದೀರಲ್ಲ. ಬಂದು ಒಂದು ಮಾತು ಹೇಳಿ, ಸಾಕು."

ನಿಮ್ಮ ತಾತ ತೀರಿ ಆಗಿನ್ನೂ ಆರು ತಿಂಗಳು. ಆದರೂ ಹೋದೆ. ಡೈರಿಯ ಹತ್ತಿರ ನೆರೆದಿದ್ದ ಅಷ್ಟು ಗಂಡಸರ ಮುಂದೆ ಸೆರಗು ಹಿಡಿದು ನಿಂತೆ. "ಹೇಳಮ್ಮಾ, ನೋಡಿದ್ರಾ?" ಎಂದರು ಅಧ್ಯಕ್ಷರು. ನನಗೆ ನಾಲಿಗೆಯೇ ಹೊರಳಲಿಲ್ಲ. ತಲೆ ತಗ್ಗಿಸಿ ತಿರುಗಿ ಬಂದೆ. "ಸಾಕ್ಷಿ ಬಲೇ ಗಟ್ಟಿ ಕಣೋ!" ಎಂದು ಯಾರೋ ನಕ್ಕರು.

ಅರ್ಧ ಬರೆದಿದ್ದನ್ನು ಅವನೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದನಂತೆ. ಮತ್ತೆ ಬ್ರಷ್ ಮುಟ್ಟಲಿಲ್ಲ. ಮಾವಿನ ತಿರುಳಿನ ಫ್ಯಾಕ್ಟರಿಯ ಗೇಟಿನಲ್ಲಿ ಕಾವಲಿಗೆ ನಿಂತ. ದಾರಿಯಲ್ಲಿ ಸಿಕ್ಕರೆ ನನಗೆ ನಮಸ್ಕಾರ ಮಾಡುತ್ತಿದ್ದ, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

ಆ ಕಳ್ಳನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಕ್ಕವರನ್ನು ನೆನೆದರೂ ಅಷ್ಟೇ. ಆದರೆ ಅವರ್ಯಾರೂ ಅವನಿಗೆ ಅಕ್ಕ ಆಗಿರಲಿಲ್ಲ. ನಾನು ಆಗಿದ್ದೆ.

ಪೇಂಟರಣ್ಣ ತೀರಿಹೋಗಿ ವರ್ಷವಾಯಿತು. ಅವತ್ತು ಬಾಯಿಗೆ ಬಾರದಿದ್ದನ್ನು ಈಗ ಬರೆಯುತ್ತಿದ್ದೇನೆ. ಅವು ಅವನ ಅಕ್ಷರ. ನಾನು ನೋಡಿದ್ದೇನೆ. ಇಷ್ಟು ಹೇಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು?