ಸುಣ್ಣದ ಬಳೆಯೊಳಗಿನ ನಾಲ್ಕು ಮೊಟ್ಟೆ

ಆ ಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ ದಿನ ನಾನು ಮೈದಾನ ದಾಟುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಸ್ವಾಮಿ, ಕಾಲೆತ್ತಿ. ನೀವು ನಿಂತಿರೋದು ಮೂರನೇ ಓಟಗಾರನ ದಾರಿ. ಓಡೋದಾದ್ರೆ ಅಲ್ಲೇ ಇರಿ, ಇಲ್ಲಾಂದ್ರೆ ಪಕ್ಕಕ್ಕೆ ಬನ್ನಿ."

ತಿರುಗಿ ನೋಡಿದರೆ, ಹೆಗಲಿಗೆ ದಾರದ ಉಂಡೆ ಸಿಕ್ಕಿಸಿಕೊಂಡು ಸುಣ್ಣದ ಡಬ್ಬಿ ಹಿಡಿದ ಸಣಕಲು ಮನುಷ್ಯ. ಮೈದಾನ ನೋಡಿಕೊಳ್ಳುತ್ತಿದ್ದ ಅವನನ್ನು ಎಲ್ಲರೂ ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಅವನು ಎಳೆದ ಗೆರೆ ಕೂದಲೆಳೆಯಷ್ಟೂ ಡೊಂಕಾಗುತ್ತಿರಲಿಲ್ಲ. "ಮನೇಲಿ ಒಂದು ಮೊಳೆ ನೆಟ್ಟಗೆ ಹೊಡೆಯೋಕೆ ಬರಲ್ಲ, ಇಲ್ಲಿ ಮಾತ್ರ ಎಂಥ ನಾಜೂಕು" ಎಂದು ಊಟದ ಡಬ್ಬಿ ತರುತ್ತಿದ್ದ ಅವನ ಹೆಂಡತಿ ಛೇಡಿಸುತ್ತಿದ್ದಳು.

ಒಂದು ವರ್ಷ ಕ್ರೀಡಾಕೂಟಕ್ಕೆ ಹತ್ತು ದಿನವಿರುವಾಗ ನನ್ನನ್ನು ಮೈದಾನದ ಮೂಲೆಗೆ ಕರೆದೊಯ್ದ. ಗರಸು ನೆಲ ಬಿಟ್ಟು ನನಗೇನೂ ಕಾಣಲಿಲ್ಲ.

"ನಿಮ್ಮ ಕಾಲ ಹತ್ರಾನೇ ಇದೆ, ನೋಡಿ."

ಆಗ ಕಂಡವು, ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳು. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಹುಲ್ಲಿನ ಗೂಡೆಂಬುದಿಲ್ಲ, ಕಲ್ಲುಗಳ ನಡುವೆ ಕಲ್ಲುಗಳಂತೆಯೇ ಬಿದ್ದಿದ್ದವು.

"ನಾಳೆಯಿಂದ ಮುನ್ನೂರು ಮಕ್ಕಳು ಅಭ್ಯಾಸಕ್ಕೆ ಬರ್ತಾವೆ. ಒಂದು ಕಾಲು ಬಿದ್ರೂ ಮುಗೀತು. ಮರಿ ಆಗೋವರೆಗೆ ಇವು ನನ್ನ ಜವಾಬ್ದಾರಿ, ಸ್ವಾಮಿ."

ಅವನಿಗೆ ತಿಳಿದಿದ್ದ ಕಾವಲು ಒಂದೇ, ಗೆರೆ. ಮೊಟ್ಟೆಗಳ ಸುತ್ತಲಿನ ಕಲ್ಲುಗಳನ್ನು ಆಯ್ದು, ನೆಲ ಗುಡಿಸಿ, ಅಗಲವಾದ ಬಿಳಿ ಬಳೆ ಬರೆದ. ದೂರಕ್ಕೂ ಕಾಣಲಿ ಎಂದು ಒಳಗೂ ಒಂದಿಷ್ಟು ಸುಣ್ಣ ಉದುರಿಸಿದ. ಪಕ್ಕದಲ್ಲೇ ನಿಂತಿದ್ದ ನಾನು "ಭೇಷ್" ಎಂದೆ. ಪ್ರಾಣಿಗಳನ್ನು ಅವುಗಳ ಮೈಬಣ್ಣ ಹೇಗೆ ಕಾಯುತ್ತದೆ ಎಂಬ ಪಾಠವನ್ನು ಅದೇ ಬೆಳಿಗ್ಗೆ ಏಳನೇ ತರಗತಿಗೆ ಮಾಡಿ ಬಂದಿದ್ದೆ. ಮರದ ತೊಗಟೆಯಂತೆಯೇ ಕಾಣುವ ಪತಂಗದ ಚಿತ್ರ ಇನ್ನೂ ಕರಿಹಲಗೆಯ ಮೇಲಿತ್ತು.

ಮರುದಿನ ಮಕ್ಕಳು ಬಂದರು. ಒಬ್ಬರೂ ಬಳೆಯ ಹತ್ತಿರ ಸುಳಿಯಲಿಲ್ಲ. ಗೆರೆಯಣ್ಣ ಹಿಗ್ಗಿ ಹೀರೇಕಾಯಿಯಾಗಿದ್ದ. ಗದ್ದಲಕ್ಕೆ ಬೆದರಿ ಹಕ್ಕಿ ಎದ್ದು ದೂರ ಸರಿದಿತ್ತು. ಅಷ್ಟರಲ್ಲಿ ನೀರಿನ ತೊಟ್ಟಿಯ ಮೇಲಿದ್ದ ಕಾಗೆಯೊಂದು ನೇರವಾಗಿ ಆ ಬಿಳುಪಿನ ನಡುವೆ ಇಳಿಯಿತು. ಅದು ಹುಡುಕಲೇ ಇಲ್ಲ. ಹಿಂದೆಯೇ ಇನ್ನೆರಡು ಬಂದವು. ನಾವಿಬ್ಬರೂ ಬಿದ್ದೆವೋ ಎದ್ದೆವೋ ಎಂದು ಓಡಿದೆವು. ಸುಣ್ಣದ ಮೇಲೆ ಹಳದಿ ಲೋಳೆ ಹರಡಿತ್ತು. ನಾಲ್ಕರಲ್ಲಿ ಒಂದೂ ಉಳಿದಿರಲಿಲ್ಲ.

ಗೆರೆಯಣ್ಣ ಕುಸಿದು ಕುಳಿತ. "ನಾನೇ ತಟ್ಟೆಗೆ ಹಾಕಿ ಬಡಿಸಿದೆನಲ್ಲ, ಸ್ವಾಮಿ" ಎಂದ. ಹದಿನೈದು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಪಾಠ ನನಗೇ ಬಂದಿರಲಿಲ್ಲ.

ನಾನೀಗ ನಿವೃತ್ತ. ಅವನು ಇನ್ನೂ ಅದೇ ಮೈದಾನದಲ್ಲಿ ಗೆರೆ ಎಳೆಯುತ್ತಿದ್ದಾನೆ. ಮೊನ್ನೆ ಹೋದಾಗ ಅಂಚಿನ ಗೆರೆ ಒಂದು ಕಡೆ ಎರಡು ಮಾರು ಒಳಕ್ಕೆ ಬಾಗಿತ್ತು.

"ಏನಣ್ಣ ಇದು, ಕಣ್ಣು ಮಂಜಾಯ್ತಾ?" ಎಂದರು ಹೊಸ ಆಟದ ಮೇಷ್ಟ್ರು.

"ವಯಸ್ಸಾಯ್ತಲ್ಲ ಸಾರ್, ಕೈ ನಡುಗುತ್ತೆ" ಎಂದ ಗೆರೆಯಣ್ಣ, ಡಬ್ಬಿಯನ್ನು ಒಂದಿಷ್ಟೂ ಅಲುಗಿಸದೆ.

ಡೊಂಕಿನಾಚೆ ಬರೀ ಗರಸು ನೆಲ. ಎಷ್ಟು ದಿಟ್ಟಿಸಿದರೂ ನನಗೇನೂ ಕಾಣಲಿಲ್ಲ. ಅವನು ತೋರಿಸಲಿಲ್ಲ, ನಾನೂ ಕೇಳಲಿಲ್ಲ.