ಒಂಬತ್ತು ಪಾಯಿಂಟ್ ಎಂಟು

ಈಗಲೂ ಆ ಅಂಕಿ ಕಣ್ಣಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಒಂಬತ್ತು ಪಾಯಿಂಟ್ ಎಂಟು.

ನಾನು ಕೆಮಿಸ್ಟ್ರಿ ಮೇಡಂ. ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ಪಾಂಡವಪುರ ದಾಟಿ, ನಾಗಮಂಗಲದ ಕಾಲೇಜಿಗೆ ಹೋಗಿಬರುವವಳು. ನಮ್ಮ ಲ್ಯಾಬಿನಲ್ಲಿ ಟೈಟ್ರೇಷನ್ ಅಂತ ಒಂದು ಪ್ರಯೋಗ. ಬ್ಯುರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಿಂದ ಹನಿಹನಿಯಾಗಿ ದ್ರಾವಣ ಬಿಡಬೇಕು. ಕೆಳಗಿನ ಫ್ಲಾಸ್ಕಿನಲ್ಲಿ ಬಣ್ಣ ತಿರುಗಿದ ಕೂಡಲೇ ನಿಲ್ಲಿಸಿ, ಎಷ್ಟು ಎಂ.ಎಲ್. ಇಳಿಯಿತು ಅಂತ ಬರೆದುಕೊಳ್ಳಬೇಕು. ನಮ್ಮ ಮಕ್ಕಳು ಬರೆಯುತ್ತಿದ್ದದ್ದು ಒಂಬತ್ತು ಪಾಯಿಂಟ್ ಎಂಟು. ಎಲ್ಲರೂ ಅದನ್ನೇ. ಸೀನಿಯರ್‌ಗಳ ರೆಕಾರ್ಡು ನೋಡಿ ಜೂನಿಯರ್‌ಗಳು, ಅವರದ್ದು ನೋಡಿ ಮುಂದಿನವರು. ನಾನೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತಾ ಬಂದೆ.

ಇನ್ನೇನು ಮಾಡಲಿ? ಬ್ಯುರೆಟ್‌ಗಳೆಲ್ಲ ಬೀರುವಿನಲ್ಲಿದ್ದವು. ಹೊಸವು, ಕವರು ಕೂಡ ಬಿಚ್ಚದವು. ಕಾಲೇಜಿಗೆ ಗ್ರೇಡು ಕೊಡುವ ಕಮಿಟಿ ಬರುತ್ತದೆ, ಅಲ್ಲಿವರೆಗೆ ಒಂದೂ ಒಡೆಯಕೂಡದು ಅಂತ ಪ್ರಿನ್ಸಿಪಾಲರು ಬೀರುವಿಗೆ ಬೀಗ ಜಡಿದು, ಮೇಲೊಂದು ರಿಬ್ಬನ್ನೂ ಕಟ್ಟಿಸಿ, ಕೀಲಿಯನ್ನು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದರು. ಮಕ್ಕಳು ಗಾಜಿನ ಬಾಗಿಲ ಈಚೆ ನಿಂತು ದರ್ಶನ ಮಾಡಬೇಕು. ಥೂ, ಇದೂ ಒಂದು ಲ್ಯಾಬಾ!

ಕಮಿಟಿಗೆ ಬೇಕಿದ್ದದ್ದು ಕಲಿಕಾ ಫಲದ ಫೈಲು. ಯಾವ ಪಾಠದಿಂದ ಮಕ್ಕಳು ಏನು ಕಲಿಯಬೇಕಿತ್ತು, ಎಷ್ಟು ಕಲಿತರು, ಎಲ್ಲಕ್ಕೂ ಒಂದೊಂದು ಕೋಷ್ಟಕ. "ಎಲ್ಲಾದ್ರಲ್ಲೂ ಮೂರನೇ ಲೆವೆಲ್ ಬರೋ ಅಂಗೆ ನೋಡ್ಕಳಿ ಮೇಡಂ, ಅದೇ ಮೇಲಿಂದು" ಅಂದರು ಪ್ರಿನ್ಸಿಪಾಲರು. ಹಾಗೇ ಮಾಡಿದೆವು. ಮೊದಲು ಕೊನೆಯ ಸಾಲಿನಲ್ಲಿ ಮೂರು ಅಂತ ಬರೆದು, ಆಮೇಲೆ ಹಿಂದಕ್ಕೆ ಬಂದು ಅಂಕ ಹೊಂದಿಸಿದೆವು. ಸ್ಟಾಫ್ ರೂಮಿನಲ್ಲಿ ಒಬ್ಬರೂ ಇದು ಸುಳ್ಳು ಅನ್ನಲಿಲ್ಲ. ನಾನೂ ಅನ್ನಲಿಲ್ಲ, ನಾನೇನು ಮಹಾ ಸಾಚಾನಾ?

ಅಂದವಳು ಒಬ್ಬಳೇ. ಹೊಣಕೆರೆ ಕಡೆಯ ಹುಡುಗಿ, ಕೊನೇ ವರ್ಷದವಳು. ಹೊತ್ತಾರೆ ಎದ್ದು ಹಸು ಕರೆದು, ಡೈರಿಗೆ ಹಾಲು ಹಾಕಿ, ಆಮೇಲೆ ಬಸ್ಸಿಗೆ ಓಡಿಬರುತ್ತಿದ್ದಳು. ಮಕ್ಕಳ ಅಭಿಪ್ರಾಯ ಕೇಳುವ ಫಾರಮ್ಮಿನಲ್ಲಿ 'ಟೈಟ್ರೇಷನ್ ನೀವೇ ಮಾಡಬಲ್ಲಿರಾ' ಅಂತ ಒಂದು ಪ್ರಶ್ನೆ ಇತ್ತು. ಮಿಕ್ಕವರೆಲ್ಲ 'ಚೆನ್ನಾಗಿ' ಅನ್ನುವುದಕ್ಕೆ ಟಿಕ್ ಹಾಕಿದ್ದರು. ಇವಳು ಕೆಳಗೆ ಬರೆದಿದ್ದಳು: ಬ್ಯುರೆಟ್ ಮುಟ್ಟಿಲ್ಲ, ಒಂದು ಸಲ ಕೊಡಿ.

ಕರೆಸಿ ರೇಗಿದೆ. "ಏನಮ್ಮಾ ಇದು? ಕಮಿಟಿಯವರು ನೋಡಿದ್ರೆ ನನ್ನ ಮಾನ ಏನಾಗ್ಬೇಕು?"

"ಇರೋದ್ನೇ ಬರ್ದಿವ್ನಿ ಮೇಡಂ. ಕೆ.ಆರ್. ಪೇಟೇಲಿ ಹಾಲಿನ ಲ್ಯಾಬಲ್ಲಿ ಕೆಲ್ಸ ಅದೆ, ಅರ್ಜಿ ಆಕಿವ್ನಿ. ಅಲ್ಲಿ ಇದ್ನೇ ಮಾಡುಸ್ತಾರಂತೆ. ಒಂದ್ಸಲ ಕಲ್ಸ್‌ಕೊಡಿ."

"ಕಮಿಟಿ ಬಂದು ಹೋಗ್ಲಿ, ಕಲಿಸ್ತೀನಿ" ಅಂದೆ. ಹೊಸ ಫಾರಂ ಕೊಟ್ಟೆ. ಅವಳು ತಲೆ ತಗ್ಗಿಸಿ ಟಿಕ್ ಹಾಕಿದಳು. ಹಳೇದನ್ನು ಅವಳ ಎದುರಿಗೇ ಹರಿದು ಬುಟ್ಟಿಗೆ ಹಾಕಿದೆ. ಆ ಕೈಗೆ ಬರೆ ಎಳೆಯಬೇಕು.

ಕಮಿಟಿ ಬಂತು, ಬೀರುವಿನ ಫೋಟೋ ತೆಗೆಯಿತು, ಹೋಳಿಗೆ ಊಟ ಮಾಡಿ ಹೋಯಿತು. ಕೀಲಿ ಕೇಳಿದರೆ ಪ್ರಿನ್ಸಿಪಾಲರು "ಇನ್ನೊಂದ್ ದಪ ಬಂದ್ರೆ?" ಅಂದರು. ನಾನೂ ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದೆ. ಅಷ್ಟರಲ್ಲಿ ಅವಳಿಗೆ ಸಂದರ್ಶನದ ಫೋನು ಬಂದು, ಹೋಗಿಯೂ ಬಂದಿದ್ದಳು.

ಅಂಕಪಟ್ಟಿ ತೆಗೆದುಕೊಳ್ಳಲು ಬಂದಾಗ ತಾನೇ ಹೇಳಿದಳು. ಹಾಲಿನ ಹುಳಿ ಅಳೆಯಿರಿ ಅಂತ ಕೈಗೆ ಬ್ಯುರೆಟ್ ಕೊಟ್ಟರಂತೆ. ನಲ್ಲಿ ಯಾವ ಕಡೆ ತಿರುಗಿಸಬೇಕೋ ಗೊತ್ತಾಗದೆ ಅರ್ಧ ಮೇಜಿನ ಮೇಲೆ ಚೆಲ್ಲಿತಂತೆ. ಗಾಬರಿಯಲ್ಲಿ ಗೊತ್ತಿದ್ದ ಉತ್ತರ ಬರೆದಳಂತೆ, ಒಂಬತ್ತು ಪಾಯಿಂಟ್ ಎಂಟು.

"ಅಲ್ಲಿದ್ದೋರು ನಕ್ಬುಟ್ರು ಮೇಡಂ. ಅಷ್ಟು ಬಂದ್ರೆ ಅದು ಹಾಲಲ್ಲ ಕಣವ್ವ, ಮೊಸರು ಅಂದ್ರು."

ಹಾಲು ಕೆಟ್ಟಿದೆಯೋ ಇಲ್ಲವೋ ಅಂತ ಮೂಸಿಯೇ ಹೇಳುವ ಹುಡುಗಿ! ಅವಳನ್ನು ಹಾಲಿನ ಮುಂದೆ ನಿಲ್ಲಿಸಿ ನಗೆಪಾಟಲಾಗಿ ಬರುವ ಹಾಗೆ ಮಾಡಿದ್ದು ನಾವು. ಕೆಲಸ ಬೇರೆ ಯಾರಿಗೋ ಆಯಿತು.

ನೇರ ಪ್ರಿನ್ಸಿಪಾಲರ ರೂಮಿಗೆ ನುಗ್ಗಿದೆ. ವಿಷಯ ಕೇಳಿ ಅವರು "ಅದೆಂಗ್ರೀ ಮೇಡಂ, ಅವಳ್ದು ಮೂರನೇ ಲೆವೆಲ್ ಬಂದದಲ್ಲಾ?" ಅಂದರು. ಬಾಯಿಗೆ ಬಂದದ್ದು ಬೈದೆ. ಡ್ರಾಯರು ನಾನೇ ಎಳೆದು ಕೀಲಿ ತೆಗೆದುಕೊಂಡೆ. ರಿಬ್ಬನ್ನು ಕಿತ್ತು ಬಿಸಾಕಿದೆ.

ಅವಳನ್ನು ಲ್ಯಾಬಿಗೆ ಕರೆದು, ರೆಕಾರ್ಡಿನಲ್ಲಿದ್ದ ಅದೇ ಪ್ರಯೋಗವನ್ನು ಬ್ಯುರೆಟ್ ತೊಳೆಯುವುದರಿಂದ ಶುರುಮಾಡಿ ತೋರಿಸಿಕೊಟ್ಟೆ. ಅವಳು ಉಸಿರು ಬಿಗಿಹಿಡಿದು ಹನಿಹನಿ ಬಿಟ್ಟಳು. ತಿಳಿಗುಲಾಬಿ ಬಣ್ಣ ಬಂದ ಕೂಡಲೇ ನಲ್ಲಿ ತಿರುಗಿಸಿದಳು, ಒಂದು ಹನಿಯೂ ಹೆಚ್ಚಿಗೆ ಬೀಳಲಿಲ್ಲ. ಬಗ್ಗಿ ಗೆರೆ ನೋಡಿದಳು. ಮತ್ತೊಮ್ಮೆ ನೋಡಿದಳು. ಮುಖ ಸಪ್ಪಗಾಯಿತು.

"ಹನ್ನೊಂದು ಪಾಯಿಂಟ್ ಎರಡು ಬಂದ್ಬುಡ್ತು ಮೇಡಂ" ಅಂದಳು ಅಂಜುತ್ತಾ. "ಈಗ ಏನಂತ ಬರ್ಕಳ್ಳಿ?"